ಕೊನೆಯ ಪದ ಎಳೆಯುವವಳು

ಫೆಬ್ರವರಿ ೩

ಮಗಳೇ,

ಫೋನು ಮಾಡಿಲ್ಲ, ಮಾಡುವುದೂ ಇಲ್ಲ. ಮಾಡಿದರೆ ಕಿರುಚುತ್ತೇನೆ, ನೀನು ‘ಆಮೇಲೆ ಮಾತಾಡ್ತೀನಮ್ಮ’ ಎಂದು ಇಟ್ಟುಬಿಡುತ್ತೀಯ. ಕಾಗದವಾದರೆ ಅರ್ಧಕ್ಕೆ ಬಾಯಿ ಮುಚ್ಚಿಸಲು ಆಗುವುದಿಲ್ಲ. ಮೀಸೆ ಡ್ರೈವರ್ ಕೈಯಲ್ಲಿ ಕಳಿಸುತ್ತಿದ್ದೇನೆ. ಬೆಳಗಿನ ಟ್ರಿಪ್ಪಿನಲ್ಲಿ ನಿನ್ನ ಆಫೀಸಿನ ಎದುರಿಗೇ ಅವನ ಬಸ್ಸು ನಿಲ್ಲುತ್ತದೆ. ಉತ್ತರವನ್ನೂ ಅವನ ಕೈಗೇ ಕೊಡು.

ಇವತ್ತು ಬಸ್‌ಸ್ಟ್ಯಾಂಡಿನ ನನ್ನ ಮೈಕ್ ರೂಮಿಗೆ ಒಂದು ಪೆಟ್ಟಿಗೆ ಬಂತು. ಮ್ಯಾನೇಜರು ನನ್ನ ನೀರಿನ ಬಾಟಲಿಯನ್ನು ಪಕ್ಕಕ್ಕೆ ಸರಿಸಿ ಆ ಜಾಗದಲ್ಲಿ ಅದನ್ನು ಕೂರಿಸಿದರು. ನನ್ನನ್ನು ಸರಿಸಿದ್ದರೂ ಅಷ್ಟು ಸಿಟ್ಟು ಬರುತ್ತಿರಲಿಲ್ಲ. “ಮಧ್ಯಾಹ್ನದ ಪಾಳಿಗೆ ಇನ್ಮೇಲೆ ಇದೇ ಹೇಳುತ್ತೆ, ನಿಮಗೆ ರೆಸ್ಟು” ಅಂದರು. ಗುಂಡಿ ಒತ್ತಿದರು. ಒಂದು ಹೆಣ್ಣು ದನಿ ಬಂತು. ‘ಪ್ರಯಾಣಿಕರ ಗಮನಕ್ಕೆ. ಆಸ್ಪತ್ರೆ ಗೇಟಿಗೆ ಹೋಗುವ ಬಸ್ಸು ಮೂರನೇ ಪ್ಲಾಟ್‌ಫಾರ್ಮಿನಿಂದ ಹೊರಡಲಿದೆ.’

ಎಷ್ಟು ಸಿಹಿ ಅಂದರೆ, ನನ್ನ ಹಲ್ಲು ಜುಮ್ಮೆಂದಿತು. ಆ ದನಿಗೆ ನಾನು ಅಲ್ಲೇ ಹೆಸರಿಟ್ಟೆ: ಸಕ್ಕರೆ.

ಹಮಾಲಿಗಳು, ಕಂಡಕ್ಟರುಗಳು ಎಲ್ಲ ಬಾಗಿಲಲ್ಲಿ ನಿಂತಿದ್ದರು. ಅವರ ಎದುರಿಗೇ ಮ್ಯಾನೇಜರು ಹೇಳಿದರು: “ಇದನ್ನ ಜೋಡಿಸಿದ್ದು ಯಾರು ಗೊತ್ತಾ? ನಿಮ್ಮ ಮಗಳೇ ಕಣ್ರೀ! ಹೆಮ್ಮೆ ಪಡಿ!”

ಪಟ್ಟೆ. ಮುಖದಲ್ಲಿ ಹಲ್ಲು ಕಾಣಿಸುವಷ್ಟು ಪಟ್ಟೆ.

ಮಳೆಗಾಲ ಮುಗಿದ ಮೇಲೆ ನೀನು ಬಂದಿದ್ದೆಯಲ್ಲ, ನನ್ನ ಪಕ್ಕ ಒಂದು ಸಣ್ಣ ಯಂತ್ರ ಇಟ್ಟು ಒಂದು ವಾರ ನಾನು ಹೇಳಿದ್ದನ್ನೆಲ್ಲ ಹಿಡಿದುಕೊಂಡು ಹೋದೆಯಲ್ಲ, ಅದೆಲ್ಲ ಎಲ್ಲಿ ಹೋಯಿತು? ‘ನಿನ್ನ ದನಿ ಪರೀಕ್ಷೆಗೆ ಕಳಿಸ್ತಿದ್ದೀನಮ್ಮ’ ಅಂದೆ. ಪರೀಕ್ಷೆಯಲ್ಲಿ ನಾನು ಫೇಲೋ? ಮೊದಲ ದಿನದಿಂದ ಈ ಸ್ಟ್ಯಾಂಡಿನ ಗಂಟಲು ನಾನು. ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು ಬೇರೆ ಹೆಂಗಸಿನ ದನಿಯನ್ನು ತಿಂಗಳುಗಟ್ಟಲೆ ಕಿವಿಗಿಟ್ಟುಕೊಂಡು ಕೂತಿದ್ದಾಳೆ, ಅದನ್ನು ನಾನು ಮ್ಯಾನೇಜರ್ ಬಾಯಿಂದ ಕೇಳಬೇಕು.

ನಿನ್ನಪ್ಪ ಟಯರ್ ಅಂಗಡಿಯಿಂದ ಬರುವಾಗ ಸ್ಟ್ಯಾಂಡಿನಲ್ಲಿ ಅದನ್ನು ಕೇಳಿಸಿಕೊಂಡು ಬಂದು “ಚೆನ್ನಾಗಿದೆ ಅಲ್ವೇನೆ?” ಅಂದರು. ಅವರ ಊಟ ಅವರೇ ಬಡಿಸಿಕೊಳ್ಳುತ್ತಿದ್ದಾರೆ.

ಅವಳು ಯಾರು? ವಯಸ್ಸೆಷ್ಟು? ನೋಡೋಕೆ ಹೇಗಿದ್ದಾಳೆ? ಬರಿ.

ನಿನ್ನ ಅಮ್ಮ (ಇನ್ನೂ ಬೆಳಗಿನ ಪಾಳಿಯಲ್ಲಿ ಬದುಕಿರುವವಳು)


ಫೆಬ್ರವರಿ ೯

ಅಮ್ಮಾ,

ಮೀಸೆ ಮಾಮ ಕಾಗದ ಕೊಡುವಾಗ “ಬಿಸಿ ಇದೆ, ಕೈ ಸುಟ್ಕೋಬೇಡ” ಅಂದ.

ಅವಳನ್ನು ನಾನು ನೋಡಿಲ್ಲ. ಸ್ಟುಡಿಯೋದವರು ಯಾರನ್ನೋ ಒಂದು ದಿನದ ಕೂಲಿಗೆ ಕರೆಸಿದರು. ಅವಳು ಒಂದೊಂದೇ ಪದ ಹೇಳಿ ಹೋದಳು. ‘ಒಂದು’, ‘ಎರಡು’, ‘ಆಸ್ಪತ್ರೆ ಗೇಟಿಗೆ’, ‘ಗಿರಣಿಗೆ’, ‘ಹೊರಡಲಿದೆ’. ನನಗೆ ಬಂದದ್ದು ಆ ಚೂರುಗಳು ಮಾತ್ರ. ಅವಳು ಇಡೀ ವಾಕ್ಯ ಒಂದನ್ನೂ ಹೇಳೇ ಇಲ್ಲಮ್ಮ. ನೀನು ಹೊಟ್ಟೆಕಿಚ್ಚು ಪಡುತ್ತಿರುವ ಹೆಂಗಸು ಇಡಿಯಾಗಿ ಎಲ್ಲೂ ಇಲ್ಲ. ಚೂರುಗಳನ್ನು ಸೇರಿಸಿ ಅವಳನ್ನು ಮಾಡಿದವಳು ನಾನು.

ನನ್ನ ಕೆಲಸ ಏನೆಂದು ನೀನು ಯಾವತ್ತೂ ಕೇಳಿಲ್ಲ. ಈಗ ಸಿಟ್ಟಿಗಾದರೂ ಕೇಳು. ಎರಡು ಚೂರುಗಳನ್ನು ಸುಮ್ಮನೆ ಒಂದರ ಹಿಂದೆ ಒಂದು ಇಟ್ಟರೆ ಸೇರುವ ಜಾಗದಲ್ಲಿ ‘ಟಕ್’ ಅನ್ನುತ್ತದೆ. ಅದಕ್ಕೇ ಮೊದಲನೆಯದರ ಬಾಲ ಮುಗಿಯುವ ಮುಂಚೆಯೇ ಎರಡನೆಯದರ ತಲೆ ಶುರುವಾಗಬೇಕು. ಒಂದರ ದನಿಯನ್ನು ಮೆಲ್ಲಗೆ ಇಳಿಸುತ್ತಾ ಇನ್ನೊಂದರ ದನಿಯನ್ನು ಮೆಲ್ಲಗೆ ಏರಿಸಬೇಕು. ಕಣ್ಣು ಮಿಟುಕಿಸುವಷ್ಟು ಹೊತ್ತು ಎರಡೂ ಒಟ್ಟಿಗೆ ಇರುತ್ತವೆ. ಇದಕ್ಕೆ ಕ್ರಾಸ್‌ಫೇಡ್ ಅನ್ನುತ್ತೇವೆ. ನೆಟ್ಟಗೆ ಇಳಿಸಿ ನೆಟ್ಟಗೆ ಏರಿಸಿದರೆ ನಡುವೆ ದನಿ ಗುಂಡಿಗೆ ಬಿದ್ದಂತೆ ಕುಗ್ಗುತ್ತದೆ, ಅದಕ್ಕೆ ಇಳಿಜಾರನ್ನು ಸ್ವಲ್ಪ ಉಬ್ಬಿಸಬೇಕು. ಎಷ್ಟು ಉಬ್ಬಿಸಬೇಕು, ಎಷ್ಟು ಹೊತ್ತು ಒಂದರ ಮೇಲೊಂದು ಹಾಯಬೇಕು, ಇಷ್ಟನ್ನು ಕಂಪ್ಯೂಟರಿನ ಕೋಡಿನಲ್ಲಿ ಬರೆದಿಟ್ಟರೆ ಯಾವ ಬಸ್ಸು, ಯಾವ ಪ್ಲಾಟ್‌ಫಾರ್ಮ್ ಬೇಕಾದರೂ ಯಂತ್ರ ತಾನೇ ಹೇಳುತ್ತದೆ. ಹೊಲಿಗೆ ಕಾಣದ ಹಾಗೆ ಹೊಲಿಯುವ ಕೆಲಸ.

ನಿನ್ನ ದನಿ ಫೇಲಾದದ್ದು ಯಾಕೆ ಅಂದರೆ, ಸಿಟ್ಟು ಮಾಡಿಕೊಳ್ಳಬೇಡ, ನೀನು ಕೊನೆಯ ಪದ ಎಳೆಯುತ್ತೀಯ. ‘ಹೊರಡಲಿದೆ’ ಅನ್ನುವುದು ಒಂದು ಸಲ ಇಷ್ಟುದ್ದ, ಇನ್ನೊಂದು ಸಲ ಮಾರುದ್ದ. ಇಡೀ ವಾರದಲ್ಲಿ ಎರಡು ಸಲವಾದರೂ ಒಂದೇ ಅಳತೆ ಇಲ್ಲ. ನಮ್ಮ ಬಾಸ್ ಕೇಳಿ ನಕ್ಕರು. “ಮುದುಕಿ ಹಾಡ್ತಾರಲ್ರೀ” ಅಂದರು. ನಾನು ನಿನ್ನ ಮಗಳು ಅಂತ ಅವರಿಗೆ ಹೇಳಲಿಲ್ಲ.

ಇನ್ನೊಂದು ಮಾತು. ಊರಿಗೆಲ್ಲ ನಿನ್ನ ದನಿ ಸಿಕ್ಕಿತು, ನನಗೇನು ಸಿಕ್ಕಿತು? ಮನೆಗೆ ಬಂದರೆ ಬಿಸಿನೀರು ಕುಡಿದುಕೊಂಡು ಸನ್ನೆ ಮಾಡುತ್ತಿದ್ದೆ. ಅನ್ನ ಬೇಕಾ, ಸನ್ನೆ. ಪಾಠ ಓದು, ಸನ್ನೆ. ನಾಳೆಗೆ ಗಂಟಲು ಉಳಿಯಬೇಕು ಅಂತ. ನಾನು ಆ ಮೈಕಿನ ಮೇಲೆ ಪಟ್ಟಷ್ಟು ಹೊಟ್ಟೆಕಿಚ್ಚನ್ನು ನೀನು ಈ ಸಕ್ಕರೆಯ ಮೇಲೆ ಇನ್ನೂ ಪಟ್ಟಿಲ್ಲ.

ನಿನ್ನ
ಮಗಳು


ಫೆಬ್ರವರಿ ೧೨

ಎಳೆಯುತ್ತೇನಂತೆ! ಹಾಡುತ್ತೇನಂತೆ!

ಕೇಳು ಇಲ್ಲಿ. ನಿನ್ನ ಬಾಸಿಗೂ ಓದಿ ಹೇಳು. ನಮ್ಮ ಸ್ಟ್ಯಾಂಡಿನಲ್ಲಿ ಡ್ರೈವರು ಬ್ರೇಕು ಬಿಡುವುದು ಕಂಡಕ್ಟರನ ಸೀಟಿಗಲ್ಲ, ನನ್ನ ಕೊನೆಯ ಪದಕ್ಕೆ. ‘ಹೊರಡಲಿದೆ’ ಅಂತ ನಾನು ಬಾಯಿ ಮುಚ್ಚಿದರೆ ಗಾಡಿ ಹೊರಟಿತು ಅಂತ. ಯಾವ ರೂಲು ಪುಸ್ತಕದಲ್ಲೂ ಇಲ್ಲ. ಡ್ರೈವರುಗಳೂ ನಾನೂ ಮಾಡಿಕೊಂಡದ್ದು. ನನ್ನ ಮೇಜಿನ ಮುಂದೆ ಕಿಟಕಿ ಇದೆ. ಗಿರಣಿಯ ಎರಡನೇ ಪಾಳಿಗೆ ಹೋಗುವ ಹೆಂಗಸರು ಗೇಟಿನಿಂದ ಓಡಿ ಬರುತ್ತಾರೆ. ಒಬ್ಬಳ ಚಪ್ಪಲಿ ಕಿತ್ತಿರುತ್ತದೆ, ಒಬ್ಬಳ ಕಂಕುಳಲ್ಲಿ ಮಗು, ಒಬ್ಬಳು ಸೆರಗನ್ನು ಹಲ್ಲಲ್ಲಿ ಕಚ್ಚಿಕೊಂಡಿರುತ್ತಾಳೆ. ಬಸ್ಸು ತಪ್ಪಿದರೆ ಅರ್ಧ ದಿನದ ಕೂಲಿ ಕಟ್. ಅವರು ಫುಟ್‌ಬೋರ್ಡಿನ ಮೇಲೆ ಕಾಲಿಡುವ ತನಕ ನಾನು ‘ಹೊರಡಲಿದೇ...’ ಅಂತ ಎಳೆಯುತ್ತೇನೆ. ಕಾಲಿಟ್ಟರು, ಬಿಟ್ಟೆ. ಬಸ್ಸು ಕಾಯಬಾರದು ಅಂತ ಆಡಳಿತದ ಆರ್ಡರು ಇದೆ. ವಾಕ್ಯ ಉದ್ದ ಇರಬಾರದು ಅಂತ ಎಲ್ಲಿದೆ?

ಅದನ್ನು ನೀನು ಅಳತೆಗೋಲು ಹಿಡಿದು ಅಳೆದೆ! ತಪ್ಪು ನಿನ್ನದೂ ಅಲ್ಲ ಬಿಡು. ಶಾಲೆ ಬಿಟ್ಟು ಬಂದು ನನ್ನ ಮೇಜಿನ ಕೆಳಗೆ ಕೂತು ಬರೆಯುತ್ತಿದ್ದೆ. ಕಿಟಕಿ ನಿನ್ನ ಎತ್ತರಕ್ಕೆ ಸಿಗುತ್ತಿರಲಿಲ್ಲ. ಈಗ ಬೆಳೆದಿದ್ದೀಯ, ಈಗಲೂ ಮೇಜಿನ ಕೆಳಗೇ ಇದ್ದೀಯ.

ನಿನ್ನ ಸಕ್ಕರೆ ವಾಕ್ಯ ಮುಗಿಸುತ್ತಾಳೆ. ಚೊಕ್ಕವಾಗಿ, ಕತ್ತರಿಸಿದ ಹಾಗೆ. ನಿನ್ನೆ ಮಧ್ಯಾಹ್ನ ಗಿರಣಿ ಬಸ್ಸಿನ ಹಿಂದೆ ಹೆಂಗಸರು ಓಡಿದರು, ಬಾಗಿಲು ಬಡಿದರು. ಮೀಸೆ ಮುಂದೆ ಹೋಗಿ ನಿಲ್ಲಿಸಿದ, ಅದಕ್ಕೆ ಅವನಿಗೆ ಮೆಮೊ. ಮಧ್ಯಾಹ್ನ ಕಿಟಕಿಯ ಹತ್ತಿರ ಕುರ್ಚಿಯೂ ಇಲ್ಲ, ಯಾರೂ ಇಲ್ಲ. ಪೆಟ್ಟಿಗೆ ಒಂದೇ ಗೋಡೆಗೆ ಮುಖ ಮಾಡಿ ಮಾತಾಡುತ್ತದೆ.

ಕ್ರಾಸ್‌ಫೇಡ್ ಅಂದೆಯಲ್ಲ, ಒಂದನ್ನು ಮೆಲ್ಲಗೆ ಇಳಿಸಿ ಇನ್ನೊಂದನ್ನು ಮೆಲ್ಲಗೆ ಏರಿಸುವುದು, ಹೊಲಿಗೆ ಕಾಣಬಾರದು ಅಂತ. ಈಗ ಅರ್ಥವಾಯಿತು. ಈಗ ಬೆಳಿಗ್ಗೆ ನಾನು, ಮಧ್ಯಾಹ್ನ ಅವಳು. ಏಪ್ರಿಲಿನಿಂದ ಎರಡು ಹೊತ್ತೂ ಅವಳು, ನಾನು ಕಳೆದ ಸಾಮಾನಿನ ಕೋಣೆಗೆ. ಆರ್ಡರು ಬಂದಿದೆ. ಜನಕ್ಕೆ ಗೊತ್ತೇ ಆಗಬಾರದು! ನನ್ನನ್ನೇ ಕ್ರಾಸ್‌ಫೇಡ್ ಮಾಡುತ್ತಿದ್ದಾರೆ ಮಗಳೇ, ಕೋಡು ನೀನು ಬರೆದದ್ದು.

ಸನ್ನೆಯ ವಿಷಯ ನಿಜ. ನಿನ್ನೆ ರಾತ್ರಿ ನಿನ್ನಪ್ಪನನ್ನು ಅನ್ನ ಬೇಕಾ ಅಂತ ಬಾಯಿಬಿಟ್ಟು ಕೇಳಿದೆ.

ಅಮ್ಮ


ಫೆಬ್ರವರಿ ೨೭

ಅಮ್ಮಾ,

ಎರಡು ವಾರ ರಾತ್ರಿ ಆಫೀಸಿನಲ್ಲೇ ಕೂತೆ. ಆಗ ಒಂದು ವಾರ ಹಿಡಿದುಕೊಂಡಿದ್ದ ನಿನ್ನ ದನಿಯನ್ನು ಮತ್ತೆ ಮೊದಲಿನಿಂದ ಕೇಳಿದೆ. ನನ್ನ ಪರದೆಯ ಮೇಲೆ ದನಿ ಬೆಟ್ಟದ ಸಾಲಿನ ಹಾಗೆ ಕಾಣುತ್ತದೆ. ಕೊನೆಯಲ್ಲಿ ಉದ್ದಕ್ಕೆ ಬಯಲು. ಆ ಬಯಲಿನಲ್ಲಿ ಯಾರೋ ಓಡುತ್ತಿದ್ದಾರೆ ಅಂತ ನನಗೆ ಹೇಗೆ ಗೊತ್ತಾಗಬೇಕು? ದನಿ ಜೋರು ಮಾಡಿದರೆ ಹಿಂದೆ ಚಪ್ಪಲಿ ಸದ್ದೂ ಕೇಳುತ್ತದೆ. ಅದನ್ನು ಗಲೀಜು ಅಂದುಕೊಂಡು ಸೋಸಿ ತೆಗೆದಿದ್ದೆ.

ಒಂದನ್ನಂತೂ ಎಷ್ಟು ಎಳೆದಿದ್ದೀಯ ಅಂದರೆ ಕೊನೆಗೆ ನಿನ್ನ ಉಸಿರು ನಡುಗುತ್ತದೆ. ಯಾರಿಗೆ ಅಷ್ಟು ಕಾದೆ? ಯಾರೇ ಆಗಲಿ, ಅವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಹೇಳಿಬಿಟ್ಟೆ.

ಒಂದು ದಾರಿ ಇದೆ. ನಿನ್ನ ‘ಹೊರಡಲಿದೆ’ ನನ್ನ ಬಳಿ ಇದೆ. ಅವಳು ‘ಮೂರನೇ ಪ್ಲಾಟ್‌ಫಾರ್ಮಿನಿಂದ’ ಅಂದ ಕೂಡಲೇ ಅವಳ ದನಿ ಇಳಿಸಿ ನಿನ್ನ ದನಿ ಏರಿಸುತ್ತೇನೆ. ಕೊನೆಯ ಪದ ನಿನ್ನದು, ಅದೂ ಉದ್ದದ್ದು. ಇಲ್ಲಿ ಯಾರಿಗೂ ಗೊತ್ತಾಗದ ಹಾಗೆ ಸೇರಿಸುವುದು ನನಗೆ ಬಿಟ್ಟದ್ದು. ಸಕ್ಕರೆಯ ಬಾಯಿಂದ ಕೊನೆಗೆ ನೀನೇ ಬರುತ್ತೀಯ. ಮಾಡಲಾ?

ಮಗಳು


ಮಾರ್ಚ್ ೧೪

ಮಗಳೇ,

ಮಾಡು ಅಂತ ಮೊನ್ನೆ ಬರೆದಿದ್ದೆ. ಸುಳ್ಳು ಯಾಕೆ ಹೇಳಲಿ? ಅವಳ ಹೆಗಲ ಮೇಲೆ ಕೂತು ಕೊನೆಯ ಪದ ನಾನು ಹೇಳುತ್ತೇನೆ ಅಂತ ನೆನೆಸಿಕೊಂಡೇ ಖುಷಿಯಾಗಿತ್ತು. ಕಾಗದ ಮಡಿಸಿ ಇಟ್ಟೆ, ಮೀಸೆಗೆ ಕೊಡುವ ಮುಂಚೆ ಇನ್ನೊಂದಾಯಿತು. ಆ ಕಾಗದ ಹರಿದು ಇದನ್ನು ಬರೆಯುತ್ತಿದ್ದೇನೆ.

ನನ್ನ ಪಾಳಿ ಮುಗಿದರೂ ಮನೆಗೆ ಹೋಗದೆ ಮೂರನೇ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತಿದ್ದೆ. ಈಗೀಗ ಅದೇ ಅಭ್ಯಾಸ, ಕೂತು ಸಕ್ಕರೆಯ ತಪ್ಪು ಹುಡುಕುವುದು. ಆಸ್ಪತ್ರೆ ಬಸ್ಸಿನ ಅನೌನ್ಸ್‌ಮೆಂಟ್ ಆಯಿತು, ಚೊಕ್ಕವಾಗಿ ಮುಗಿಯಿತು, ಬಸ್ಸು ಹೊರಟಿತು. ಒಬ್ಬಳು ಓಡಿ ಬಂದಳು. ತೆಳ್ಳಗೆ, ನಿನಗಿಂತ ನಾಲ್ಕು ವರ್ಷ ದೊಡ್ಡವಳಿರಬೇಕು, ಕೈಯಲ್ಲಿ ಊಟದ ಡಬ್ಬಿ. ಬಸ್ಸಿನ ಹಿಂಭಾಗಕ್ಕೆ ಕೈ ಬಡಿದಳು. ಹೋಯಿತು. ಬಂದು ನನ್ನ ಪಕ್ಕ ಕುಸಿದಳು. ಏದುಸಿರು.

“ಇನ್ನೊಂದು ಯಾವಾಗ ಅಕ್ಕಾ?” ಅಂದಳು.

ಅದೇ ದನಿ! ಅಷ್ಟು ಹೊತ್ತು ನನ್ನ ತಲೆಯ ಮೇಲಿನ ಸ್ಪೀಕರಿನಲ್ಲಿದ್ದವಳು ಪಕ್ಕದಲ್ಲಿ ಕೂತಿದ್ದಳು. ನೀನು ಅವಳ ಉಸಿರೆಲ್ಲ ಕತ್ತರಿಸಿ ತೆಗೆದಿದ್ದೀಯ ಮಗಳೇ, ಅದಕ್ಕೇ ಅವಳಿಗೆ ಉಸಿರೇ ಇಲ್ಲ ಅಂತ ನಾನು ಅಂದುಕೊಂಡಿದ್ದೆ. ಎಷ್ಟೊಂದು ಇತ್ತು!

“ನೀನು ಸ್ಟುಡಿಯೋದಲ್ಲಿ ಪದ ಹೇಳಿದವಳಾ?” ಅಂದೆ.

ಅವಳು ನಕ್ಕಳು. “ಗೊತ್ತಾಯ್ತಾ? ನೋಡಿ ನನ್ನ ಹಣೆಬರಹ, ನನ್ನ ಬಸ್ಸನ್ನ ನಾನೇ ಕಳಿಸಿಬಿಟ್ಟೆ.”

ಅವಳ ತಾಯಿ ಆಸ್ಪತ್ರೆಯಲ್ಲಿದ್ದಾಳೆ. ಬೇಕರಿಯಲ್ಲಿ ಪ್ಯಾಕಿಂಗ್ ಕೆಲಸ, ಅಲ್ಲಿಂದ ಬಿಟ್ಟು ಬರುವಷ್ಟರಲ್ಲಿ ಈ ಬಸ್ಸು. ಇದು ತಪ್ಪಿದರೆ ರೋಗಿಗಳನ್ನು ನೋಡುವ ಹೊತ್ತು ಮುಗಿದಿರುತ್ತದೆ, ಒಳಗೆ ಬಿಡುವುದಿಲ್ಲ. ಮೊದಲು ಯಾರೋ ಒಬ್ಬರು ಎಳೆದೆಳೆದು ಹೇಳುತ್ತಿದ್ದರು, ಆಗ ದಿನಾ ಸಿಗುತ್ತಿತ್ತು ಅಂದಳು.

“ಅದು ನಾನೇ” ಅಂದೆ.

ಅವಳು ನನ್ನ ಕೈ ಹಿಡಿದುಕೊಂಡಳು. ನಾನು ಬಿಡಿಸಿಕೊಂಡೆ. ಕೈ ಹಿಡಿದ ಮಾತ್ರಕ್ಕೆ ಕರಗುವವಳಲ್ಲ ನಾನು. “ಮತ್ಯಾಕೆ ನನ್ನ ಕೆಲಸ ತಗೊಂಡೆ?” ಅಂದೆ.

“ಕೆಲಸ ಎಲ್ಲಿ ತಗೊಂಡೆ ಅಕ್ಕಾ? ಪದ ಹೇಳು ಅಂದ್ರು, ಹೇಳ್ದೆ. ಬಸ್‌ಸ್ಟ್ಯಾಂಡಿಗೆ ಅಂತ ಯಾರು ಹೇಳಿದ್ರು? ಮೊದಲ ದಿನ ಇಲ್ಲಿ ಕೇಳ್ದಾಗ ಹೆದರಿ ಹಿಂದೆ ತಿರುಗಿ ನೋಡ್ದೆ.”

ಅವಳು ಎದ್ದುಹೋದ ಮೇಲೂ ಹೊಟ್ಟೆಯ ಉರಿ ಹೋಗಲಿಲ್ಲ. ದನಿ ನಿಜವಾಗಿಯೂ ಚೆನ್ನಾಗಿದೆ, ದರಿದ್ರದ್ದು. ಆದರೆ ಬುದ್ಧಿ ಆ ಉರಿಯ ಹಿಂದೆ ಹೋಗಲಿಲ್ಲ. ಯೋಚನೆ ಮಾಡಿದೆ. ಕೊನೆಯ ಪದಕ್ಕೆ ನನ್ನ ದನಿ ಹಾಕಿದರೆ ಏನಾಗುತ್ತದೆ? ಯಾವಾಗಲೂ ಒಂದೇ ಉದ್ದ. ಯಾರೂ ಓಡಿ ಬರದಿದ್ದರೂ ಎಳೆಯುತ್ತದೆ, ಮಗು ಎತ್ತಿಕೊಂಡವಳು ಬಂದರೂ ಅಷ್ಟೇ ಎಳೆಯುತ್ತದೆ. ಮ್ಯಾನೇಜರು ‘ನಿಮ್ಮ ದನಿಯೂ ಪೆಟ್ಟಿಗೆಯಲ್ಲಿದೆಯಲ್ಲ, ಇನ್ನೇನು’ ಅಂತಾರೆ. ನನ್ನ ಗಂಟಲು ಕೊಟ್ಟರೆ ನನ್ನ ಕಣ್ಣನ್ನು ಮನೆಗೆ ಕಳಿಸುತ್ತಾರೆ.

ಬೇಡ. ದನಿ ಅವಳದೇ ಇರಲಿ. ನನಗೆ ಒಂದು ಗುಂಡಿ ಮಾಡಿಕೊಡು. ನಾನು ಒತ್ತಿ ಹಿಡಿದಷ್ಟು ಹೊತ್ತು ಅವಳ ‘ದೆ’ ಮುಗಿಯಬಾರದು, ಬಿಟ್ಟಾಗ ಮುಗಿಯಬೇಕು. ಆಗುತ್ತದೋ ಇಲ್ಲವೋ ಹೇಳು. ಕ್ರಾಸ್‌ಫೇಡ್ ಅಂತ ಅಷ್ಟು ಜಂಬ ಕೊಚ್ಚಿದೆಯಲ್ಲ.

ಅಮ್ಮ


ಮಾರ್ಚ್ ೨೩

ಅಮ್ಮಾ,

ಆಗುತ್ತದೆ! ಅವಳ ‘ದೆ’ಯ ನಡುವಿನಿಂದ ಒಂದು ಚೂರು ಎತ್ತಿಕೊಂಡೆ. ಅದರ ಬಾಲವನ್ನು ಅದರದೇ ತಲೆಯ ಮೇಲೆ ಹಾಯಿಸಿದೆ, ಒಂದು ಇಳಿಯುವಾಗ ಅದೇ ಮತ್ತೆ ಏರುವ ಹಾಗೆ. ಉಂಗುರದಂತೆ ಸುತ್ತುತ್ತಲೇ ಇರುತ್ತದೆ, ಎಲ್ಲಿ ಸೇರಿತು ಅಂತ ಗೊತ್ತಾಗುವುದಿಲ್ಲ. ಮೊದಮೊದಲು ಸೊಳ್ಳೆ ಗುಂಯ್ ಅಂದ ಹಾಗಿತ್ತು. ಚೂರು ದೊಡ್ಡದು ಮಾಡಿದೆ, ಕೊನೆಗೆ ಅವಳ ಸ್ವಲ್ಪ ಉಸಿರನ್ನೂ ವಾಪಸ್ಸು ಇಟ್ಟೆ. ಈಗ ಮನುಷ್ಯರ ಹಾಗಿದೆ. ಗುಂಡಿ ಬಿಟ್ಟರೆ ಪದ ತನ್ನ ಬಾಲದೊಂದಿಗೆ ಮುಗಿಯುತ್ತದೆ.

ನಿಮ್ಮ ಮ್ಯಾನೇಜರಿಗೆ ಕಳಿಸಿದರೆ ‘ಬೇಡ’ ಅಂದರು. ಗುಂಡಿ ಇದ್ದರೆ ಒತ್ತಲು ಒಬ್ಬರು ಬೇಕು, ಒಬ್ಬರು ಬೇಕಾದರೆ ಪೆಟ್ಟಿಗೆ ಯಾಕೆ ಅಂತ. ನಮ್ಮ ಬಾಸ್ ನನ್ನನ್ನು ಕರೆದು “ಯಾರಿಗೆ ಕೆಲ್ಸ ಮಾಡ್ತಿದ್ದೀಯಮ್ಮ ನೀನು?” ಅಂದರು. ಗುಂಡಿಯನ್ನು ಮೀಸೆ ಮಾಮನ ಕೈಯಲ್ಲಿ ಕಳಿಸಿದ್ದೇನೆ. ಇಲ್ಲಿಂದಲೇ ನೆಟ್‌ನಲ್ಲಿ ಕಳಿಸಿದ ಕೋಡು ಪೆಟ್ಟಿಗೆಯೊಳಗೆ ಈಗಾಗಲೇ ಇದೆ, ತೆಗೆದಿಲ್ಲ. ತಂತಿ ಸಿಕ್ಕಿಸಿದರೆ ಆಯಿತು. ಸಿಕ್ಕಿಸಲು ಅವರು ಒಪ್ಪಬೇಕು. ಅದು ನನ್ನ ಕೋಡಿನಿಂದ ಆಗುವುದಲ್ಲ.

ನಾನು ಯಾರಿಗೆ ಕೆಲಸ ಮಾಡುತ್ತಿದ್ದೇನೆ ಅಂತ ನನಗೂ ಈಗ ಗೊತ್ತು.

ಮಗಳು


ಏಪ್ರಿಲ್ ೫

ಮಗಳೇ,

ಒಪ್ಪಿಸಿದೆವು.

ನನ್ನನ್ನು ಕಳೆದ ಸಾಮಾನಿನ ಕೋಣೆಗೆ ಹಾಕಿದ ದಿನವೇ ಆಯಿತು. ಅಲ್ಲಿ ಛತ್ರಿಗಳ ನಡುವೆ ಒಂದು ಗಂಟೆ ಕೂತೆ, ಎದ್ದೆ, ಗಿರಣಿ ಹೆಂಗಸರ ಹತ್ತಿರ ಹೋದೆ. ಎರಡನೇ ಪಾಳಿಯ ಬಸ್ಸಿನ ಮುಂದೆ ಎಲ್ಲರೂ ನೆಲದ ಮೇಲೆ ಕೂತುಬಿಟ್ಟೆವು. ಮೀಸೆ ಎಂಜಿನ್ ಆಫ್ ಮಾಡಿ ಕೀಲಿ ಜೇಬಿಗೆ ಹಾಕಿಕೊಂಡ. ಹಿಂದೆ ನಾಲ್ಕು ಬಸ್ಸು ನಿಂತವು. ಮ್ಯಾನೇಜರು ಓಡಿ ಬಂದು, “ಏನಮ್ಮ ಇದು, ಒಂದು ಗುಂಡಿಗೋಸ್ಕರ ಇಷ್ಟು ರಂಪ?” ಅಂದರು.

“ಗುಂಡಿಗಲ್ಲ ಸ್ವಾಮಿ, ಕಣ್ಣಿಗೆ” ಅಂದೆ. “ನಿಮ್ಮ ಪೆಟ್ಟಿಗೆಗೆ ಬಾಯಿ ಇದೆ. ಓಡಿ ಬರೋರನ್ನ ನೋಡೋಕೆ ಕಣ್ಣು ಯಾರದು?”

ಘೋಷಣೆ ಶುರುವಾಯಿತು. ನಾನು ಕೂಗಬೇಕು ಅಂತ ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಹಿಂದಿನಿಂದ ಒಂದು ದನಿ ಎದ್ದಿತು. “ಓಡಿ ಬರುವವರನ್ನ ಬಿಟ್ಟು ಬಸ್ಸು ಬಿಡಬೇಡಿ!”

ಇಡೀ ಸ್ಟ್ಯಾಂಡು ತಲೆಯೆತ್ತಿ ಸ್ಪೀಕರ್ ನೋಡಿತು. ಹಮಾಲಿಯೊಬ್ಬ ಹೊರೆಯನ್ನು ದೊಪ್ಪೆಂದು ಕೆಳಗೆ ಹಾಕಿದ. ಮ್ಯಾನೇಜರು ಮೈಕ್ ರೂಮಿನ ಕಡೆ ತಿರುಗಿ “ಆಫ್ ಮಾಡ್ರೋ ಅದನ್ನ! ಕೆಟ್ಟೋಗಿದೆ!” ಎಂದು ಕಿರುಚಿದರು. ಪೆಟ್ಟಿಗೆ ಸುಮ್ಮನೇ ಇತ್ತು. ಊಟದ ಡಬ್ಬಿ ಎತ್ತಿ ಹಿಡಿದುಕೊಂಡು ಸಕ್ಕರೆ ನಿಂತಿದ್ದಳು. ಅವಳ ಸಿಹಿ ಎಲ್ಲ ಎಲ್ಲಿ ಹೋಗಿತ್ತೋ, ಕಬ್ಬಿಣ ಬಡಿದ ಹಾಗಿತ್ತು. ಪೆಟ್ಟಿಗೆಯೇ ಎದ್ದು ಬಂದು ನಮ್ಮ ಕಡೆ ಸೇರಿದಂತೆ ಜನ ಕೇಕೆ ಹಾಕಿದರು.

ನನಗೆ ಏನನ್ನಿಸಿತು ಕೇಳು. ಘೋಷಣೆಯಲ್ಲೂ ಇವಳೇ ಮುಂದೆ ಬರಬೇಕಾ ಅನ್ನಿಸಿತು! ಆಮೇಲೆ ಅವಳಿಗಿಂತ ಜೋರಾಗಿ ಕೂಗಿದೆ. ಅವಳು ಇನ್ನೂ ಜೋರು ಮಾಡಿದಳು. ಇಬ್ಬರ ಹಟದಲ್ಲಿ ಚಳವಳಿಗೆ ಲಾಭವಾಯಿತು. ಸಂಜೆಯೊಳಗೆ ತಂತಿ ಸಿಕ್ಕಿಸಿದರು, ಕಿಟಕಿಗೆ ನನ್ನ ಕುರ್ಚಿ ವಾಪಸ್ಸು ಬಂತು. ಲಿಖಿತದಲ್ಲಿ ಕೊಡುವ ತನಕ ನಾವು ಏಳಲಿಲ್ಲ.

ಈಗ ನಾನು ಮಾತಾಡುವುದಿಲ್ಲ, ಗುಂಡಿ ಒತ್ತುತ್ತೇನೆ. ಮೊದಲ ಸಲ ಅವಳ ‘ದೆ’ಯನ್ನು ನನ್ನ ಬೆರಳಿನಿಂದ ಎಳೆದಾಗ ಕಣ್ಣಲ್ಲಿ ನೀರು ಬಂತು. ಖುಷಿಗಲ್ಲ. ಗಿರಣಿಯವಳೊಬ್ಬಳು ಬಸ್ಸು ಹತ್ತಿ ಕಿಟಕಿಯ ಕಡೆ ಕೈ ಬೀಸಲಿಲ್ಲ, ಸ್ಪೀಕರಿನ ಕಡೆ ಬೀಸಿದಳು.

ಅಮ್ಮ


ಮೇ ೧೬

ಅಮ್ಮಾ,

ಸಕ್ಕರೆಯ ಮೇಲೆ ನಿಮ್ಮ ಆಡಳಿತದವರ ಕಣ್ಣು ಬಿತ್ತು. ಅವಳು ಡಬ್ಬಿ ಎತ್ತಿ ಕೂಗಿದ ವಿಡಿಯೋ ಯಾರೋ ತೋರಿಸಿದರಂತೆ. ‘ಗಲಾಟೆಯವರ ದನಿ ನಮಗೆ ಬೇಡ’ ಎಂದು ಸ್ಟುಡಿಯೋಗೆ ಇನ್ನೊಬ್ಬಳನ್ನು ಕರೆಸಿ ಪದ ಹೇಳಿಸಿದ್ದಾರೆ. ಇನ್ನೂ ಚಿಕ್ಕವಳು. ಒಮ್ಮೆಲೇ ಬದಲಿಸಿದರೆ ಮತ್ತೆ ಜನ ಕೂತುಬಿಡುತ್ತಾರೆ ಅಂತ ಭಯ. ಅದಕ್ಕೆ ವಾರಕ್ಕೆ ಇಷ್ಟಿಷ್ಟೇ ಪದ ಬದಲಿಸು, ಮೊದಲು ಅಂಕಿಗಳು, ಆಮೇಲೆ ಊರುಗಳು, ಸೇರುವ ಕಡೆ ಎರಡು ದನಿಗಳನ್ನು ಚೆನ್ನಾಗಿ ಬೆರೆಸು, ಯಾರಿಗೂ ಗೊತ್ತಾಗಬಾರದು ಅಂತ ನನಗೆ ಆರ್ಡರು.

ಮಾಡಲ್ಲ ಅಂದರೆ ನನ್ನ ಜಾಗಕ್ಕೆ ಇನ್ನೊಬ್ಬರನ್ನು ಕೂರಿಸಿ ಮಾಡಿಸುತ್ತಾರೆ. ಅವರು ಚೆನ್ನಾಗಿಯೇ ಬೆರೆಸುತ್ತಾರೆ. ಅದಕ್ಕೇ ಮಾಡುತ್ತೇನೆ ಅಂದೆ.

ಪದ ಬದಲಿಸಿದ್ದೇನೆ. ಬೆರೆಸಿಲ್ಲ. ಎಷ್ಟು ಹೊತ್ತು ಒಂದರ ಮೇಲೊಂದು ಹಾಯಬೇಕು ಅನ್ನುವ ಜಾಗದಲ್ಲಿ ಸೊನ್ನೆ ಬರೆದೆ. ಬಾಸ್ ತನ್ನ ಮೇಜಿನ ಪುಟ್ಟ ಸ್ಪೀಕರಿನಲ್ಲಿ ಕೇಳಿ ಸರಿಯಿದೆ ಅಂದರು, ಅದರಲ್ಲಿ ಗೊತ್ತಾಗುವುದಿಲ್ಲ. ನಿಮ್ಮ ಸ್ಟ್ಯಾಂಡಿನ ಹಾರ್ನ್ ಸ್ಪೀಕರುಗಳಲ್ಲಿ ಆ ‘ಟಕ್’ ತಗಡಿನ ಮೇಲೆ ಕಲ್ಲು ಬಿದ್ದ ಹಾಗೆ ಕೇಳುತ್ತದೆ. ಒಬ್ಬಳನ್ನು ತೆಗೆದು ಇನ್ನೊಬ್ಬಳನ್ನು ಹಾಕಿದ್ದಾರೆ ಅಂತ ಕಿವಿಯಿದ್ದವರಿಗೆಲ್ಲ ತಿಳಿಯಲಿ. ನಾನು ಬರೆದ ಕೋಡಿನಲ್ಲಿ ಇಷ್ಟು ಕೆಟ್ಟದ್ದು ಇನ್ನೊಂದಿಲ್ಲ. ಕೆಳಗೆ ನನ್ನ ಹೆಸರು ಹಾಕಿದ್ದೇನೆ.

ಸೋಮವಾರದಿಂದ ಶುರು. ಮಂಗಳವಾರಕ್ಕೆ ನನ್ನ ಕೆಲಸ ಹೋಗಬಹುದು. ಸಕ್ಕರೆಗೆ ಮೊದಲೇ ಹೇಳಿಡು, ಒಬ್ಬಳೇ ಕೇಳಿಸಿಕೊಳ್ಳುವ ಹಾಗೆ ಆಗಬಾರದು.

ಮಗಳು


ಮೇ ೨೧

ಮಗಳೇ,

ಸಕ್ಕರೆಯನ್ನು ಮೈಕ್ ರೂಮಿಗೆ ಕರೆಸಿಕೊಂಡು ನನ್ನ ಪಕ್ಕ ಕೂರಿಸಿಕೊಂಡೆ. ಹೊರಗಿನವರನ್ನು ಬಿಡಬಾರದು ಅಂತ ರೂಲು. ಹೊರಗಿನವಳು ಯಾರು ಇಲ್ಲಿ?

ಆಸ್ಪತ್ರೆ ಬಸ್ಸಿನ ಹೊತ್ತಾಯಿತು. ಪೆಟ್ಟಿಗೆ ಮಾತಾಡಿತು. ‘ಪ್ರಯಾಣಿಕರ ಗಮನಕ್ಕೆ. ಆಸ್ಪತ್ರೆ ಗೇಟಿಗೆ ಹೋಗುವ ಬಸ್ಸು’, ಅಲ್ಲಿಯ ತನಕ ಇವಳದೇ ದನಿ. ಆಮೇಲೆ ಟಕ್! ಪಾರಿವಾಳಗಳು ಹಾರಿಹೋದವು. ‘ಮೂರನೇ’ ಅಂತ ಯಾರೋ ಎಳೆಯ ಹುಡುಗಿ ಅಂದಳು. ಮತ್ತೆ ಟಕ್! ಮತ್ತೆ ಇವಳು. ಹೊರಗೆ ಜನ ಕಿವಿಯಲ್ಲಿ ಬೆರಳಾಡಿಸಿಕೊಂಡರು. ಹಮಾಲಿಗಳು ಕೂಗಿದರು, “ಏಯ್, ನಮ್ಮವಳ ಬಾಯಿಗೆ ಯಾರ್ರೋ ಕೈ ಹಾಕಿದ್ದು?” ಮೀಸೆ ಬಸ್ಸಿನಿಂದ ಇಳಿದು ಮ್ಯಾನೇಜರ್ ಬಾಗಿಲ ಕಡೆ ಹೊರಟ. ಅವನ ಹಿಂದೆ ಗಿರಣಿಯವರು.

ನಾನು ಅವರನ್ನು ನೋಡುತ್ತಿರಲಿಲ್ಲ. ಇವಳ ಮುಖ ನೋಡುತ್ತಿದ್ದೆ. ತುಟಿ ಬಿಗಿದುಕೊಂಡು, ಕುತ್ತಿಗೆ ಮುಂದೆ ಚಾಚಿ, ಆ ಎಳೆಯ ದನಿ ಮತ್ತೆ ಬರುವುದನ್ನು ಕಾಯುತ್ತಿದ್ದಳು. ತಪ್ಪು ಹುಡುಕಲು. ಆ ಮುಖ ನನಗೆ ಗೊತ್ತು, ಎಷ್ಟೋ ತಿಂಗಳು ನಾನೇ ಹಾಕಿಕೊಂಡು ತಿರುಗಿದ್ದೇನೆ.

“ಅಕ್ಕಾ, ನಿಜ ಹೇಳಿ,” ಅಂದಳು. “ಅವಳ ದನಿ ನನ್ನದಕ್ಕಿಂತ ಚೆನ್ನಾಗಿದೆಯಾ?”

ಚೆನ್ನಾಗಿತ್ತು ಮಗಳೇ. ಬೆಳ್ಳಿ ತಟ್ಟೆಗೆ ಉಗುರು ತಾಗಿಸಿದ ಹಾಗಿತ್ತು.

“ಥೂ,” ಅಂದೆ. “ಶೀತ ಆದ ಬೆಕ್ಕು.”

ಅವಳ ಮುಖ ಅರಳಿತು. ಇಬ್ಬರೂ ಎದ್ದು ಹೊರಗೆ ಹೋದೆವು. ಅಲ್ಲಿ ಆಗಲೇ ಎಲ್ಲರೂ ಕೂತಿದ್ದರು, ನಮಗೆ ಜಾಗ ಬಿಟ್ಟರು.

ಅಮ್ಮ